ಇವರು ಕುಡಿಯುತ್ತಿರಲಿಲ್ಲ

ಮೊದಲು ಕಂಡದ್ದು ಕಾಲಿನ ಬಾವು. ರಜೆಗೆ ಬಂದಿದ್ದ ಇವರು ಸಾಕ್ಸ್ ಕಳಚಿದಾಗ ಕಣಕಾಲಿನ ಸುತ್ತ ಬಳೆಯಂಥ ಗುರುತು. ಬೆರಳಿನಿಂದ ಒತ್ತಿದೆ. ಕುಳಿ ಬಿತ್ತು. ಬಿದ್ದ ಕುಳಿ ಹಾಗೇ ಉಳಿಯಿತು.

"ಎಂತದೂ ಇಲ್ಲ ಮಾರಾಯ್ತಿ. ರೈಲಿನಲ್ಲಿ ಕೂತು ಕೂತು ಹಾಗಾದ್ದು," ಎಂದರು.

ನನ್ನ ಗಂಡ ಮಹಾಬಲ ಸೇನೆಯಲ್ಲಿ ಹವಾಲ್ದಾರ್. ನಾವಿಬ್ಬರೂ ಕಾಸರಗೋಡಿನವರು. ನನಗೆ ತಿರುವನಂತಪುರದ ಸರ್ಕಾರಿ ಕಚೇರಿಯಲ್ಲಿ ಕನ್ನಡ ಅನುವಾದಕಿಯ ಕೆಲಸ. ಮಗಳು ಅನಘಾಳ ಜೊತೆ ಅಲ್ಲೇ ಕಳಕ್ಕೂಟಂನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆ.

ರಜೆ ಮುಗಿಸಿ ಹೋದವರನ್ನು ಮಿಲಿಟರಿ ಆಸ್ಪತ್ರೆಗೆ ಸೇರಿಸಿದರು. ಲಿವರ್ ಸಿರೋಸಿಸ್ ಎಂದರು. ಮೆಡಿಕಲ್ ಬೋರ್ಡ್ ಕೂತಿತು. ಇನ್ನು ಸೇವೆಗೆ ಆಗುವುದಿಲ್ಲ ಎಂದು ಮನೆಗೆ ಕಳಿಸಿತು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ, ಆದ್ದರಿಂದ ಡಿಸೆಬಿಲಿಟಿ ಪೆನ್ಶನ್ ಇಲ್ಲ ಎಂದೂ ಬರೆಯಿತು. ಕಾಯಿಲೆಗೆ ಕಾರಣ, ಮದ್ಯಪಾನ.

ಇವರು ಕುಡಿಯುತ್ತಿರಲಿಲ್ಲ.

ಕುಡಿದು ಬಿದ್ದ ಅಪ್ಪನನ್ನು ಸಾರಾಯಿ ಗಡಂಗಿನಿಂದ ಹೊತ್ತು ತಂದು ಬೆಳೆದವರು ಇವರು. ಯೂನಿಟ್‌ನಲ್ಲಿ ಇವರ ಪಾಲಿನ ರಮ್ಮಿಗೆ ಗೆಳೆಯರ ನಡುವೆ ಪೈಪೋಟಿಯೇ ಇತ್ತಂತೆ. ಬೋರ್ಡಿನ ಮುಖ್ಯಸ್ಥ ಒಬ್ಬ ಕರ್ನಲ್, ಸ್ವತಃ ಡಾಕ್ಟರ್. ಎಷ್ಟು ಕುಡಿಯುತ್ತೀ ಎಂದು ಕೇಳಿದರಂತೆ. ಕುಡಿಯುವುದಿಲ್ಲ ಸಾಬ್, ಎಂದರಂತೆ ಇವರು. "ಎಲ್ಲರೂ ಹೇಳುವುದು ಹಾಗೆಯೇ," ಎಂದು ಕರ್ನಲ್ ಬರೆಯುತ್ತಾ ಹೋದರು. ತಲೆ ಎತ್ತಿ ನೋಡಲೂ ಇಲ್ಲ.

ಮದ್ಯಪಾನ ಎಂಬ ಆ ಒಂದು ಪದ ನಮ್ಮ ಮನೆಯೊಳಗೆ ಬಂದು ಕೂತಿತು.

ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿ ತೆಗೆಸುತ್ತಿದ್ದೆವು. ಮತ್ತೆ ತುಂಬುತ್ತಿತ್ತು. ಲಿವರ್ ಸೋಸಬೇಕಾದ ವಿಷ ತಲೆಗೆ ಏರಿದಾಗ ಮಾತು ತೊದಲುತ್ತಿತ್ತು, ಹೆಜ್ಜೆ ತಪ್ಪುತ್ತಿತ್ತು, ಚಾಚಿದ ಕೈ ಹಕ್ಕಿಯ ರೆಕ್ಕೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಬಾಯಿಂದ ಸಿಹಿ ಸಿಹಿಯಾದ ಒಂದು ಹಳಸಲು ವಾಸನೆ. ನೋಡಿದವರಿಗೆ ಇನ್ನೇನು ಬೇಕು? ಮೆಟ್ಟಿಲಲ್ಲಿ ಎದುರಾದ ನೆರೆಮನೆಯವರು ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು.

ಒಂದು ಸಂಜೆ ಕಚೇರಿಯಿಂದ ಬಂದಾಗ ಹತ್ತನೇ ಕ್ಲಾಸಿನ ಅನಘಾ ನಿದ್ದೆಹೋಗಿದ್ದ ಅಪ್ಪನ ಮುಖದ ಹತ್ತಿರ ಬಗ್ಗಿ ಮೂಸುತ್ತಿದ್ದಳು. ಇವರ ಬಟ್ಟೆಯ ಕಪಾಟು ತೆರೆದಿತ್ತು.

"ಅಮ್ಮೇ, ಅಚ್ಛನ್ ಕುಡಿಚ್ಚಿಟ್ಟುಂಡೋ?" ಎಂದಳು. ಅಪ್ಪ ಕುಡಿದಿದ್ದಾರಾ ಎಂದು.

ಆ ಕರ್ನಲನನ್ನು ಬಿಡುವುದಿಲ್ಲ ಎಂದು ನಾನು ನಿರ್ಧರಿಸಿದ್ದು ಆ ಹೊತ್ತಿಗೆ.

ತಿರುವನಂತಪುರದ ಆಸ್ಪತ್ರೆಯೊಂದರಲ್ಲಿ ಒಬ್ಬಳು ಗ್ಯಾಸ್ಟ್ರೋ ಡಾಕ್ಟರ್, ಇನ್ನೂ ಚಿಕ್ಕ ವಯಸ್ಸು, ಯಾರೂ ಕೇಳದ ಪ್ರಶ್ನೆ ಕೇಳಿದಳು. "ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದೀರಾ?"

ಹಾಕಿದ್ದರು. ಸೇವೆಗೆ ಸೇರಿದ ಹೊಸತರಲ್ಲಿ, ಈಶಾನ್ಯದ ಬೆಟ್ಟದ ದಾರಿಯಲ್ಲಿ ಲಾರಿ ಮಗುಚಿ ಇವರ ತೊಡೆಯ ಮೂಳೆ ಮುರಿದಿತ್ತು. ಮಿಲಿಟರಿ ಆಸ್ಪತ್ರೆಯಲ್ಲೇ ರಕ್ತ ಕೊಟ್ಟು ಉಳಿಸಿದ್ದರು. ಟೆಸ್ಟ್ ಮಾಡಿಸಿದರೆ ಹೆಪಟೈಟಿಸ್ ಸಿ. ಆ ರಕ್ತದ ಜೊತೆ ಬಂದ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ತಿಂದಿತ್ತು. ಮಾತ್ರೆ ಕೊಟ್ಟರು. ವೈರಸ್ ಸತ್ತಿತು. ಲಿವರ್ ಮರಳಿ ಬರಲಿಲ್ಲ.

ಆ ರಿಪೋರ್ಟ್ ಇಟ್ಟು ಮೇಲ್ಮನವಿ ಹಾಕಿದೆವು. ಬೋರ್ಡಿನ ಅಭಿಪ್ರಾಯವೇ ಅಂತಿಮ ಎಂದು ತಳ್ಳಿಹಾಕಿದರು. ಎರಡನೆಯದೂ ಹಾಗೆಯೇ ಹೋಯಿತು. ಉಳಿದದ್ದು ಕೊಚ್ಚಿಯ ಸೇನಾ ನ್ಯಾಯಮಂಡಳಿ. ಅಲ್ಲಿ ನಮ್ಮ ಊರಿನವರೇ ಆದ ವಕೀಲ ಈಶ್ವರ ಭಟ್ಟರು ಕೇಸು ಹಿಡಿದರು.

ಮೊದಲ ವಿಚಾರಣೆಗೆ ಇವರೂ ಬಂದಿದ್ದರು, ಹೊಟ್ಟೆಯ ಮೇಲೆ ಗುಂಡಿ ಹಾಕಲಾಗದ ಬಿಳಿ ಅಂಗಿಯಲ್ಲಿ. ಎರಡನೆಯದಕ್ಕೆ ಬರಲಿಲ್ಲ.

ರಕ್ತ ವಾಂತಿಯಾಯಿತು. ಐಸಿಯುವಿನಿಂದ ಹೊರಗೆ ಬರಲಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೆ ಭಟ್ಟರು ಫೋನ್ ಮಾಡಿದರು. "ಜಲಜಕ್ಕ, ಸಾಮಾನ್ಯ ಫ್ಯಾಮಿಲಿ ಪೆನ್ಶನ್ ಹೇಗೂ ಬರ್ತದೆ. ಮುಂದುವರಿಸುದಾ?"

"ಮುಂದುವರಿಸಿ," ಎಂದೆ. ಕೇಸಿನಲ್ಲಿ ಇವರ ಜಾಗದಲ್ಲಿ ನನ್ನ ಹೆಸರು ಬಂತು.

ಸಂಕಟಕ್ಕಿಂತ ಸಿಟ್ಟೇ ನನ್ನನ್ನು ನಿಲ್ಲಿಸಿತು. ಅಳಲು ಬಂದವರೆಲ್ಲ ಹೋದ ಮೇಲೂ ಅದು ನನ್ನ ಜೊತೆ ಉಳಿಯಿತು, ಬೆಳಿಗ್ಗೆ ಎಬ್ಬಿಸಿತು, ಕಚೇರಿಗೆ ಕಳಿಸಿತು, ಕೊಚ್ಚಿಯ ರೈಲು ಹತ್ತಿಸಿತು.

ಗೆದ್ದೆವು. ಸೇರುವಾಗ ಆರೋಗ್ಯವಾಗಿದ್ದ ಸೈನಿಕನಿಗೆ ಸೇವೆಯಲ್ಲಿ ಕಾಯಿಲೆ ಬಂದರೆ ಸೇವೆಗೆ ಸಂಬಂಧವಿಲ್ಲ ಎಂದು ತೋರಿಸಬೇಕಾದದ್ದು ಸರ್ಕಾರ. ಬೋರ್ಡ್ ಸರಿಯಾದ ಕಾರಣ ಕೊಟ್ಟಿಲ್ಲ ಎಂದಿತು ನ್ಯಾಯಮಂಡಳಿ. ಇವರ ಡಿಸೆಬಿಲಿಟಿ ಪೆನ್ಶನ್, ನನಗೆ ವಿಶೇಷ ಫ್ಯಾಮಿಲಿ ಪೆನ್ಶನ್, ಎರಡನ್ನೂ ಕೊಡಬೇಕೆಂದು ಆದೇಶವಾಯಿತು. ಸರ್ಕಾರ ಇದನ್ನು ಪ್ರಶ್ನಿಸಿ ಸೋತಿತು.

ಆದರೆ ಕುಡಿತದ ವಿಷಯ? "ಉಳಿದ ಅಂಶಗಳಿಗೆ ಹೋಗುವ ಅಗತ್ಯವಿಲ್ಲ" ಎಂದು ಒಂದು ಸಾಲು.

ನನಗೆ ಅಗತ್ಯವಿತ್ತು.

ಕರ್ನಲ್ ನಿವೃತ್ತರಾಗಿ ಕೊಚ್ಚಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೂರುತ್ತಾರೆಂದು ತಿಳಿಯಿತು. ಅನಘಾ ಆಗ ಅಲ್ಲೇ ಹತ್ತಿರದ ಆಲುವದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳನ್ನು ಕರೆದೆ. ಯಾಕೆ ಎಂದಳು. "ನನ್ನ ಪಕ್ಕ ಕೂತರೆ ಸಾಕು," ಎಂದೆ. ಟೋಕನ್ ತೆಗೆದುಕೊಂಡು ಉಳಿದ ರೋಗಿಗಳ ಜೊತೆ ಕಾದೆವು.

ಸಣಕಲು ಮುದುಕ, ಮಲಯಾಳಿ, ಮೃದುವಾದ ದನಿ. ನನ್ನ ಯಜಮಾನರ ರಿಪೋರ್ಟ್, ಸೆಕೆಂಡ್ ಒಪಿನಿಯನ್ ಬೇಕು ಎಂದೆ. ಹೆಸರು ಓದಿದರು. ಮುಖದಲ್ಲಿ ಗುರುತಿನ ಸುಳಿವೇ ಇರಲಿಲ್ಲ.

"ಹೆಪಟೈಟಿಸ್ ಸಿ. ಹಿಂದೆ ರಕ್ತ ಹಾಕಿದ್ದಾರಾ?"

"ಹೌದು ಸರ್, ಆಕ್ಸಿಡೆಂಟ್ ಆದಾಗ."

"ಹಾಗಾದರೆ ಅದರಿಂದಲೇ ಬಂದಿರಬೇಕು."

"ಕುಡಿತದಿಂದ ಅಲ್ವಾ ಸರ್?"

"ಕುಡಿಯುತ್ತಿದ್ದರಾ?"

"ಇಲ್ಲ."

"ಮತ್ತೆ ಆ ಮಾತು ಯಾಕೆ ಬಂತು?"

ಬೋರ್ಡಿನ ಕಾಗದವನ್ನು ಅವರ ಮುಂದೆ ಇಟ್ಟೆ. "ನೀವು ಬರೆದದ್ದು ಸರ್. ಸಹಿ ನೋಡಿ. ಈಗ ಅವರು ಇಲ್ಲ."

ಅವರು ಓದಿದರು. ಮತ್ತೆ ಓದಿದರು. ಕಿವಿ ಕೆಂಪಾಯಿತು. ನಾನು ಕಣ್ಣು ತೆಗೆಯದೆ ನೋಡಿದೆ. ನೋಡಲೆಂದೇ ಹೋದದ್ದು.

"ತುಂಬಾ ಕೇಸುಗಳಿರುತ್ತಿದ್ದವು. ಈ ಟೆಸ್ಟ್ ಆಗ ಮಾಡಿರಲಿಲ್ಲ, ಮೇಡಂ."

"ಕಾರಣ ಗೊತ್ತಿಲ್ಲ ಅಂತ ಬರೆಯಬಹುದಿತ್ತು."

"ಐ ಆಮ್ ಸಾರಿ."

"ನನಗೆ ಬೇಡ. ಇವಳಿಗೆ ಹೇಳಿ. ಇವಳ ಅಪ್ಪ ಕುಡಿಯುತ್ತಿರಲಿಲ್ಲ ಅಂತ ಹೇಳಿ."

ನರ್ಸ್ ಬಾಗಿಲು ತೆರೆದಳು. ಅವರು ಅವಳನ್ನು ಕೈಯಾಡಿಸಿ ಕಳಿಸಿದರು. ಅನಘಾಳ ಕಡೆ ತಿರುಗಿ, ಮೋಳೇ, ನಿನ್ನ ಅಚ್ಛನ್ ಕುಡಿಯುತ್ತಿರಲಿಲ್ಲ, ನಾನು ಬರೆದದ್ದು ತಪ್ಪು, ಎಂದು ಮಲಯಾಳದಲ್ಲಿ ಮೆಲ್ಲಗೆ ಹೇಳಿದರು.

"ಕೇಳಿಸಲಿಲ್ಲ," ಎಂದೆ.

ಕೇಳಿಸಿತ್ತು. ಅವರು ಇನ್ನೊಮ್ಮೆ ಹೇಳಿದರು, ಗಟ್ಟಿಯಾಗಿ.

ಹೊರಗೆ ಬಂದಾಗ ನನಗೆ ಹಸಿವಾಗಿತ್ತು. ಅವರನ್ನು ಕ್ಷಮಿಸಿದಿರಾ ಎಂದು ಭಟ್ಟರು ಆಮೇಲೆ ಕೇಳಿದರು. ಇಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ. ಕಾಯಿಲೆಯ ಜೊತೆ ಮಾತ್ರ ಹೇಗೋ ರಾಜಿಯಾಗಿದ್ದೇನೆ. ಅದು ಯಾರನ್ನೂ ಅವಮಾನಿಸಲು ಬಂದದ್ದಲ್ಲ. ರಕ್ತದ ಬಗ್ಗೆ ಕೇಳಿದ ಆ ಡಾಕ್ಟರಮ್ಮನನ್ನು ದಿನವೂ ನೆನೆಯುತ್ತೇನೆ.

ಆ ದಿನ ರೈಲ್ವೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಅನಘಾ ಅನ್ನ ಕಲಸಿದಳು. ಆಮೇಲೆ, ಕಾಯಿಲೆಗೆ ಮೊದಲು ಅಚ್ಛನ್ ಹೇಗಿದ್ದರು ಎಂದು ಕೇಳಿದಳು. ಅಷ್ಟು ವರ್ಷಗಳಲ್ಲಿ ಅವಳು ಅದನ್ನು ಕೇಳಿರಲಿಲ್ಲ.

"ಇಸ್ತ್ರಿ ಹಾಕುವಾಗ ಸಿಳ್ಳೆ ಹೊಡೀತಿದ್ರು," ಎಂದೆ. ಮತ್ತೇನು ಎಂದಳು. ಹೇಳಿದೆ. ಹೇಳುತ್ತಲೇ ಹೋದೆ. ಕೈ ಒಣಗಿತು. ತಿರುವನಂತಪುರದ ರೈಲು ಹೊರಟುಹೋಯಿತು.