ಮೊದಲ ಮೂಟೆ

ನಮ್ಮ ಹಮಾಲಿ ಮೇಸ್ತ್ರಿಯ ಕುತ್ತಿಗೆಯ ಹಿಂಬದಿ ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿತ್ತು. ಅಲ್ಲಿ ಸೊಳ್ಳೆ ಕಚ್ಚಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಬಡವನಹಳ್ಳಿಯ ಕಡಲೆಕಾಯಿ, ಹುಣಸೆಹಣ್ಣು, ರಾಗಿ ಎಲ್ಲವೂ ಆ ಜಡ್ಡಿನ ಮೇಲೆಯೇ ಲಾರಿ ಹತ್ತಿದ್ದವು. ಲಾರಿಗೆ ಹಲಗೆ ಒರಗಿಸಿದ ಮೇಲೆ ಮೊದಲ ಮೂಟೆಗೆ ಬೇರೆ ಯಾರೂ ಬೆನ್ನು ಕೊಡುವಂತಿರಲಿಲ್ಲ. “ಮೊದ್ಲುದ್ದು ನಂದು ಕಣ್ರಲಾ” ಎಂದು ಟವೆಲ್ ಮಡಿಸಿಕೊಂಡು ಬಾಗುತ್ತಿದ್ದರು. ಹಲಗೆ ತಡೆಯುತ್ತದೋ ಇಲ್ಲವೋ, ಅವರು ಹತ್ತಿ ನೋಡಿದ ಮೇಲೆಯೇ ನಾವು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅವರ ಕೈಕೆಳಗೆ ಹಮಾಲಿಯಾದವನು. ಹೊರುವುದರಲ್ಲಿ ನನಗೆ ಸಮ ಯಾರೂ ಇಲ್ಲ. ನಾನೇ ಹೇಳಿಕೊಂಡರೂ ಸುಳ್ಳಲ್ಲ. ಅಂಥವನಿಗೆ ಕೆಲವು ವರ್ಷದ ಹಿಂದೆ ಒಂದು ಕಾಟ ಹತ್ತಿಕೊಂಡಿತು. ಮೂಟೆ ಹೊತ್ತಾಗ ಎದೆ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಟೀ ಕುಡಿಯಲು ಕೂತೆನೋ, ಒಂದು ಬಡಿತ ತಪ್ಪಿ ಮುಂದಿನದು ದಬಕ್ಕೆಂದು ಬೀಳುತ್ತಿತ್ತು. ಅದೇ ಹೊತ್ತಿಗೆ, ಗಟ್ಟಿಮುಟ್ಟಾದ ಹುಡುಗನೊಬ್ಬ ಜಿಮ್ಮಿನಲ್ಲಿ ಕುಸಿದ ವಿಡಿಯೋ ಫೋನಿಗೆ ಬಂತು. ಅಲ್ಲಿಂದ ನನ್ನ ಬೆರಳು ಕುತ್ತಿಗೆಯ ನರದ ಮೇಲೇ. ತಪ್ಪಿದಷ್ಟೂ ಹೆದರಿಕೆ, ಹೆದರಿದಷ್ಟೂ ತಪ್ಪುವುದು. ಕೂರುವುದೇ ಬೇಡವೆಂದು ಬೇರೆಯವರ ಮೂಟೆಯನ್ನೂ ಹೊರತೊಡಗಿದೆ. ಯಾರಿಗೂ ಹೇಳಲಿಲ್ಲ. ಎದೆ ಕೆಟ್ಟವನ ಬೆನ್ನಿಗೆ ಮೂಟೆ ಇಡುವವರು ಯಾರು?

ಮೇಸ್ತ್ರಿ ಮಾತ್ರ ನೋಡುತ್ತಲೇ ಇದ್ದರು.

“ಲೇ, ಯಾವಾಗ್ಲೂ ಕತ್ತು ಇಡ್ಕಂಡಿರ್ತೀಯಲ್ಲ, ಹೆಂಡ್ತಿ ಏನಾರ ಹಿಸುಕಿದ್ಳೇನ್ಲಾ?”

ಹೇಳಿಬಿಟ್ಟೆ. ಅವರು ಮತ್ತೆ ನಗಲಿಲ್ಲ. ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿಸಿ ಮಧುಗಿರಿಯ ಡಾಕ್ಟರ ಹತ್ತಿರ ಕರೆದೊಯ್ದರು. ಇಸಿಜಿ ತೆಗೆಯುವ ಮಂಚ ಕಂಡದ್ದೇ ನನ್ನ ಕಾಲು ಹಿಂದೆ ಸರಿಯಿತು.

“ನಾ ಮನಿಕ್ಕಣಲ್ಲ ಕಣಣ್ಣ. ಏನಾರ ಐತೆ ಅಂದ್ಬುಟ್ರೆ?”

“ಥೂ, ಅಷ್ಟಷ್ಟ್ ದಪ್ಪ ಮೂಟೆ ಹೊರೋನು ಈ ವೈರುಗಳ್ಗೆ ಹೆದರ್ತೀಯಲ್ಲೋ!” ಎಂದವರೇ ಅಂಗಿ ಬಿಚ್ಚಿ, ನರ್ಸಿಗೆ “ಮೊದ್ಲುದ್ದು ನಂದು ಕಣಮ್ಮ, ಇವ್ನಿಗೆ ಧೈರ್ಯ ಬರ್ಲಿ” ಎಂದು ತಾವೇ ಮಲಗಿಬಿಟ್ಟರು.

ಆಮೇಲೆ ನಾನು ಮಲಗಿದೆ. ಡಾಕ್ಟರು ಸ್ಕ್ಯಾನಿಂಗ್ ಮಾಡಿ, ಯಂತ್ರದ ಮೇಲೆ ನನ್ನನ್ನು ಓಡಿಸಿಯೂ ನೋಡಿದರು. ಓಡುವಾಗ ಎದೆ ಒಮ್ಮೆಯೂ ತಪ್ಪಲಿಲ್ಲ. “ಹೃದಯ ಚೆನ್ನಾಗಿದೆ. ಮೈ ದುಡಿಸೋರಲ್ಲೂ ಹೀಗೆ ಒಂದೊಂದು ಬಡಿತ ಅವಸರ ಪಡೋದುಂಟು. ನಿಮ್ಮ ಹೆದರಿಕೆನೇ ಅದನ್ನ ಹೆಚ್ಚು ಮಾಡ್ತಿದೆ. ಟೀ ಕಮ್ಮಿ ಮಾಡಿ, ನಿದ್ದೆ ಮಾಡಿ” ಎಂದರು. ಬಳಿಕ ಮೇಸ್ತ್ರಿಯ ಇಸಿಜಿ ಕಾಗದ ಹಿಡಿದು ಅವರ ಕಡೆ ತಿರುಗಿದರು. “ನೀವು ಕೂತ್ಕೊಳ್ಳಿ. ಎದೆನೋವು ಬಂದಿತ್ತಾ?”

“ಗ್ಯಾಸು ಅಂತ ಸೋಡಾ ಕುಡೀತಿದ್ದೆ ಸ್ವಾಮಿ.”

ಡಾಕ್ಟರು ಅವರ ಹೃದಯಕ್ಕೆ ಪೆಟ್ಟಾಗಿದೆ ಎಂದು ತುಮಕೂರಿಗೆ ಚೀಟಿ ಬರೆದುಕೊಟ್ಟರು. ಹೊರಗೆ ಬಂದ ಮೇಸ್ತ್ರಿ, “ನೋಡ್ಲಾ, ಹೆದರ್ಕಂಡೋನು ನೀನು, ಸಿಕ್ಕಾಕ್ಕೊಂಡೋನು ನಾನು” ಎಂದು ನಕ್ಕರು.

ತುಮಕೂರಿನಲ್ಲಿ ಚಿಕಿತ್ಸೆಯಾಯಿತು. ಆಮೇಲೆ ಮೂಟೆ ಮುಟ್ಟುವಂತಿರಲಿಲ್ಲ. ತೂಕದ ಯಂತ್ರದ ಪಕ್ಕ ಸ್ಟೂಲಿನ ಮೇಲೆ, ಗೂಟಕ್ಕೆ ಕಟ್ಟಿದ ಹೋರಿಯ ಹಾಗೆ ಮಿಸುಕಾಡುತ್ತಿದ್ದರು. ಹಲಗೆ ಒರಗಿಸಿದಾಗ ಮೊದಲ ಮೂಟೆ ಯಾರದೆಂದು ಕೈ ತೋರಿಸುತ್ತಿದ್ದರು. ನನ್ನ ಬೆರಳು ಕತ್ತಿಗೆ ಹೋಯಿತೋ, ಅಲ್ಲಿಂದಲೇ ಕೂಗು:

“ತಪ್ತೇನ್ಲಾ?”

“ತಪ್ತು ಕಣಣ್ಣ.”

“ಮುಂದಿಂದು ಬಂತಾ?”

“ಬಂತು.”

“ಮತ್ತಿನ್ನೇನ್ ನಿಂದು? ಕೈ ತೆಗ್ದು ಟೀ ಕುಡಿ. ಅರ್ಧ ಲೋಟವೇಯ!”

ಕಳೆದ ಸುಗ್ಗಿಯಲ್ಲಿ ತಮ್ಮೂರಾದ ಮಿಡಿಗೇಶಿಯ ಮನೆಯಲ್ಲಿ ಉಂಡು ಮಲಗಿದ ಮೇಸ್ತ್ರಿ ಏಳಲಿಲ್ಲ. ಮಣ್ಣಿಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು, “ನಿನ್ ಹೆದರಿಕೆಯಿಂದ ಒಂದೆಲ್ಡು ವರ್ಸ ನಂಗೆ ಸಿಕ್ಕಿದ್ರು ಕಣಪ್ಪ” ಎಂದರು.

ಅವರಿಲ್ಲದ ಮೊದಲ ಲಾರಿ ಬಂತು. ಹಲಗೆ ಒರಗಿಸಿದರು. ಯಾರೂ ಬಾಗಲಿಲ್ಲ, ಎಲ್ಲರೂ ಆ ಖಾಲಿ ಸ್ಟೂಲಿನ ಕಡೆ ನೋಡಿದರು. ನನ್ನ ಎದೆ ಒಂದು ಬಡಿತ ತಪ್ಪಿಸಿತು. ಬೆರಳು ಕತ್ತಿಗೆ ಹೋಗುವುದರಲ್ಲಿತ್ತು. ಮುಂದಿನದು ಬಂತು. ಅದೇ ಕೈಯಲ್ಲಿ ಟವೆಲ್ ಮಡಿಸಿ ಕುತ್ತಿಗೆಗೆ ಹಾಕಿಕೊಂಡು ಬಾಗಿದೆ.

“ಇಡ್ರಲಾ” ಎಂದೆ.