ಚಂದ್ರೇಗೌಡನ ಬಲಗೈ

ಕಿಕ್ಕೇರಿಯ ಚಂದ್ರೇಗೌಡನ ಬಲಗೈ ಬೆರಳುಗಳನ್ನು ಜಜ್ಜಿದವನು ನಾನು. ಮೇಲಿನಿಂದ ಉರುಳಿದ ಕಲ್ಲಲ್ಲ — ಇಪ್ಪತ್ತೆಂಟು ವರ್ಷಗಳಿಂದ ನಾನು ಹೇಳುತ್ತ ಬಂದದ್ದು ಸುಳ್ಳು.

ಪಾಂಡವಪುರದ ಬೆಟ್ಟದಲ್ಲಿ ಪಟ್ಟಣದವರಿಗೆ ಬಂಡೆ ಹತ್ತಿಸುವ ಶಿಬಿರವೊಂದರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಪಾಲಹಳ್ಳಿಯವನು, ಎಸ್ಸೆಸ್ಸೆಲ್ಸಿ ಮುಗಿಸಿದವನು. ಚಂದ್ರ ಓದಿದ್ದು ಏಳನೇ ತರಗತಿ. ಆದರೆ ಬಂಡೆಯ ಮೇಲೆ ಅವನ ಬೆರಳುಗಳಿಗೆ ಸಾಟಿಯಿರಲಿಲ್ಲ. ಮುಖ್ಯ ತರಬೇತುದಾರನನ್ನು ಆರಿಸುವಾಗ ಮಾಲೀಕರು ಅವನ ಹೆಸರು ಹೇಳಿದರು. ಮರುದಿನ ಬೆಳಿಗ್ಗೆ, ಶಿಬಿರದವರು ಬರುವ ಮುಂಚೆ ದಾರಿ ನೋಡಿಡಲು ನಾವಿಬ್ಬರೇ ಹೊರಟೆವು. ಬಂಡೆಯ ಬುಡದಲ್ಲಿ ಅವನು, "ಇನ್ಮೇಲೆ ನನ್ನ ಸಾರ್ ಅನ್ಬೇಕು ಕಣ್ಲಾ" ಎಂದು ನಕ್ಕ. ತಮಾಷೆಗೇ ಅಂದದ್ದು. ನಾನೂ ನಕ್ಕೆ — ಹಲ್ಲು ಕಚ್ಚಿಕೊಂಡು.

ನಮ್ಮಲ್ಲೊಂದು ರೂಢಿಯಿತ್ತು. ಮೊದಲು ಹತ್ತಿದವನು, ಎರಡನೆಯವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಮೇಲೆ ಹಿಡಿದಿರಬೇಕು. ಎರಡನೆಯವನು ಕೊನೆಯ ಅಂಚಿಗೆ ಬಂದಾಗ ಕೈ ಕೊಟ್ಟು ಎಳೆದುಕೊಳ್ಳಬೇಕು. ಅಂದು ಮೇಲಿದ್ದವನು ನಾನು. ಅವನ ಬಲಗೈ ಅಂಚನ್ನು ಹಿಡಿಯಿತು. "ಲೇ ಸ್ವಾಮಿ, ಕೈ ಕೊಡ್ಲಾ" ಎಂದ.

ಬೂಟುಗಾಲಿನಿಂದ ಮೆಟ್ಟಿದೆ. ಮೊದಲನೆಯದನ್ನು ಕಾಲು ಜಾರಿತು ಎನ್ನಬಹುದಿತ್ತೇನೋ — ಅವನು ಹಾಗೇ ಅಂದುಕೊಂಡ, ಕೈ ತೆಗೆಯಲಿಲ್ಲ, ನನ್ನ ಮುಖ ನೋಡಿದ. ಆ ಮುಖ ನೋಡುತ್ತಲೇ ಮತ್ತೆ ಮೆಟ್ಟಿದೆ. ಮೂರನೆಯದಕ್ಕೆ ಮೂಳೆ ಮುರಿದದ್ದು ಕೇಳಿಸಿತು. ರಕ್ತ ಬಂಡೆಯ ಮೇಲೆ ಇಳಿಯಿತು. ಅವನು ಹಗ್ಗದಲ್ಲಿ ತೂಗಾಡಿ ಬಂಡೆಗೆ ತಲೆ ಬಡಿದುಕೊಂಡ. ಆ ಹಗ್ಗ ನನ್ನ ಕೈಯಲ್ಲಿತ್ತು. ಬಿಟ್ಟುಬಿಡಲೇ ಎಂದು — ಹೌದು, ಅದೂ ಬಂದಿತ್ತು ಮನಸ್ಸಿಗೆ. ಬಿಡಲಿಲ್ಲ, ಅದನ್ನು ಪುಣ್ಯವೆಂದು ಹೇಳಿಕೊಳ್ಳಲಾರೆ.

ಆಸ್ಪತ್ರೆಯಲ್ಲಿ ಕಲ್ಲು ಉರುಳಿತು ಎಂದೆ. ಮಾಲೀಕರು ಅವನನ್ನೂ ಕೇಳಿದರು. ನಾನೇ ನಿಜ ಹೇಳಲಿ ಎಂದು ಕಾದನೋ ಏನೋ — ನನ್ನತ್ತ ತುಂಬ ಹೊತ್ತು ನೋಡಿ, ಗೋಡೆಯ ಕಡೆಗೆ ಮುಖ ತಿರುಗಿಸಿದ. ಎರಡು ಬೆರಳು ತೆಗೆದರು. ಉಳಿದವನ್ನು ಮತ್ತೆ ಮಡಚಲಾಗಲಿಲ್ಲ. ಹುದ್ದೆ ನನಗೆ ಬಂತು. ಅದರ ಮೇಲೇ ಬದುಕು ಕಟ್ಟಿಕೊಂಡೆ, ಎಷ್ಟೋ ಜನರಿಗೆ ಹತ್ತುವುದನ್ನು ಕಲಿಸಿದೆ — ಮೇಲಿರುವವನನ್ನು ನಂಬಿ ಎಂದು.

ಹೋದ ವಾರ ಕಿಕ್ಕೇರಿಗೆ ಹೋಗಿ, ಬೇಕೆಂದೇ ಮೆಟ್ಟಿದೆ ಎಂದು ಹೇಳಿ ಅವನ ಕಾಲು ಹಿಡಿದೆ. ಅವನು ಎಡಗೈಯೊಂದರಲ್ಲೇ ಎಮ್ಮೆ ಹಾಲು ಕರೆಯುತ್ತಿದ್ದ, ಏಳಲಿಲ್ಲ.

"ನಂಗ್ಯಾಕ್ಲಾ ಯೋಳ್ತೀಯ? ನಂಗೊತ್ತಿಲ್ವಾ? ನಿನ್ನ ನಂಬ್ಕಂಡು ಹತ್ತುದ್ರಲ್ಲ, ಅವ್ರಿಗೆ ಯೋಳೋಗು."

ಅದಕ್ಕೇ ಬರೆದಿದ್ದೇನೆ. ನನ್ನಿಂದ ಹಗ್ಗ ಕಟ್ಟಿಸಿಕೊಂಡವರೇ — ನಿಮ್ಮ ಮೇಲೆ ನಿಂತಿದ್ದವನು ಇಂಥವನು.