ಮೈದಾನದ ನಡುವೆ ಅಳೆಯದೆ ಬಿಟ್ಟ ಜಾಗ

೨೦೦೪ರಲ್ಲಿ ನಾನು ಡಲ್ಲಾಸ್‌ನ ಒಂದು ಸಣ್ಣ ಸಲಹಾ ಸಂಸ್ಥೆಯಲ್ಲಿ ಟರ್ಫ್ ಕನ್ಸಲ್ಟೆಂಟ್ ಆಗಿದ್ದೆ. ಟರ್ಫ್ ಎಂದರೆ ಆಟದ ಮೈದಾನದ ಹುಲ್ಲುಹಾಸು. ಅದರ ಬೇರು, ಮಣ್ಣು, ನೀರು, ರೋಗ ಎಲ್ಲವನ್ನೂ ನೋಡಿ, ಮೈದಾನ ಆಟಕ್ಕೆ ಯೋಗ್ಯವೋ ಅಲ್ಲವೋ ಎಂದು ಹೇಳುವುದು ನನ್ನ ಕೆಲಸ. ಟೆಕ್ಸಸ್‌ನ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಬೇರೇನಲ್ಲ, ನಮ್ಮ ಗರಿಕೆಯ ಸುಧಾರಿತ ತಳಿ. ಧಾರವಾಡದಲ್ಲಿ ಕೃಷಿ ಪದವಿ ಓದುವಾಗ, ಹೊಲದಿಂದ ಗರಿಕೆಯನ್ನು ನಿರ್ಮೂಲ ಮಾಡುವುದು ಹೇಗೆಂಬ ಪ್ರಶ್ನೆಗೆ ನಾಲ್ಕು ಪುಟ ಉತ್ತರ ಬರೆದವನು ನಾನು. ಅದೇ ಗರಿಕೆಯನ್ನು ಸಾಕುವ ವಿದ್ಯೆಯಲ್ಲಿ ಇಲ್ಲಿ ಡಾಕ್ಟರೇಟ್ ಪಡೆದು ಹೊಟ್ಟೆ ಹೊರೆದುಕೊಳ್ಳುತ್ತಿದ್ದೆ. ಡಲ್ಲಾಸ್ ಪಕ್ಕದ, ನಾವಿದ್ದ ಇರ್ವಿಂಗ್‌ನ ಕನ್ನಡದ ಮನೆಗಳವರು ಗಣೇಶನ ಹಬ್ಬದ ಹಿಂದಿನ ದಿನ ತಪ್ಪದೆ ಫೋನ್ ಮಾಡಿ, "ಸರ್, ಸ್ವಲ್ಪ ಗರಿಕೆ ಸಿಗುತ್ತಾ?" ಎಂದು ಕೇಳುತ್ತಿದ್ದರು. ಔಷಧಿ ಹೊಡೆದ ಗರಿಕೆಯನ್ನು ದೇವರಿಗೆ ಏರಿಸಬೇಡಿ ಎಂದು ಹೇಳಿ ಹೇಳಿ ನನಗೂ ಸಾಕಾಗಿತ್ತು.

ಆ ವರ್ಷ ಆಸ್ಟಿನ್‌ನ ಒಂದು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡದ ಮೈದಾನ ನನ್ನ ಪಾಲಿಗೆ ಬಂತು. ಟಿವಿಯಲ್ಲಿ ಕಾಣುವ ದೊಡ್ಡ ಲೀಗ್ ಅಲ್ಲ. ಸಣ್ಣ ಊರುಗಳ ಸಣ್ಣ ಲೀಗ್, ಈಗ ಅದು ಇಲ್ಲ. ತಂಡದ ಹೆಸರು ಹೇಳುವ ಅಗತ್ಯವೂ ಇಲ್ಲ. ಆಟಗಾರರು ವಾರದ ದಿನಗಳಲ್ಲಿ ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದರು. ಎಲ್ಲರ ಕಣ್ಣೂ ದೊಡ್ಡ ಲೀಗಿನ ಮೇಲೆ. ಅಲ್ಲಿಂದ ಆಟಗಾರರನ್ನು ಹುಡುಕಿಕೊಂಡು ಸ್ಕೌಟ್‌ಗಳು ಬರುತ್ತಾರೆ, ಒಂದು ದಿನ ತಮ್ಮನ್ನೂ ನೋಡುತ್ತಾರೆ ಎಂಬ ನಂಬಿಕೆಯಲ್ಲೇ ಅವರು ಮೈಮೂಳೆ ಮುರಿದುಕೊಳ್ಳುತ್ತಿದ್ದರು.

ಈ ಆಟ ಹೆಸರಿಗಷ್ಟೇ ಕಾಲ್ಚೆಂಡು. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುತ್ತಾನೆ, ಹನ್ನೊಂದು ಜನ ಅವನನ್ನು ಕೆಡವಲು ಬರುತ್ತಾರೆ. ಓಡುವವನ ಬಂಡವಾಳ ಒಂದೇ: ಪೂರ್ಣ ವೇಗದಲ್ಲಿರುವಾಗ ಒಂದು ಕಾಲನ್ನು ನೆಲಕ್ಕೆ ಊರಿ ಥಟ್ಟನೆ ದಿಕ್ಕು ಬದಲಿಸುವುದು. ಆ ಗಳಿಗೆಯಲ್ಲಿ ಇಡೀ ಮೈಭಾರ ಒಂದು ಮೊಣಕಾಲಿನ ಮೇಲಿರುತ್ತದೆ, ಮೊಣಕಾಲು ನೆಲವನ್ನು ನಂಬಿರುತ್ತದೆ. ನನ್ನಂಥವನ ಕೆಲಸ ಅಲ್ಲಿ ಶುರುವಾಗುತ್ತದೆ. ಆಸ್ಟಿನ್ ತಂಡದಲ್ಲಿ ಹೀಗೆ ಓಡುತ್ತಿದ್ದವನು ಡೆರಿಕ್. ಇಪ್ಪತ್ತೇಳು ವರ್ಷ, ವಾರವಿಡೀ ಮನೆಗಳ ಅಟ್ಟ ಹತ್ತಿ ಎಸಿ ರಿಪೇರಿ ಮಾಡುತ್ತಿದ್ದ. ಆ ವರ್ಷ ಒಬ್ಬ ಸ್ಕೌಟ್ ಎರಡು ಸಲ ಬಂದು ಅವನನ್ನು ನೋಡಿಕೊಂಡು ಹೋಗಿದ್ದ.

ಪಂದ್ಯ ಶನಿವಾರ. ನಾನು ಶುಕ್ರವಾರ ಬೆಳಿಗ್ಗೆ ಇರ್ವಿಂಗ್‌ನಿಂದ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಆಸ್ಟಿನ್‌ಗೆ ಹೋಗುತ್ತಿದ್ದೆ. ನನ್ನ ಬಳಿ ಇಂಪ್ಯಾಕ್ಟ್ ಟೆಸ್ಟರ್ ಎಂಬ ಉಪಕರಣ ಇತ್ತು. ಒಂದು ಕೊಳವೆ, ಅದರೊಳಗೆ ಎರಡು ಕಾಲು ಕಿಲೋ ತೂಕದ ಗುಂಡು. ಅದನ್ನು ಮೊಣಕಾಲೆತ್ತರದಿಂದ ಬಿಟ್ಟರೆ ನೆಲ ಎಷ್ಟು ಗಡುಸು ಎಂದು ಅಂಕಿಯಲ್ಲಿ ತೋರಿಸುತ್ತದೆ. ಆ ಲೀಗಿನ ನಿಯಮದಂತೆ ನೂರು ದಾಟಿದರೆ ಆಟವಿಲ್ಲ. ಮೈದಾನದ ಹತ್ತು ಕಡೆ ಅಳೆದು, ಒಂದು ಹಾಳೆಯಲ್ಲಿ ಬರೆದು, ಕೆಳಗೆ ಸಹಿ ಹಾಕಬೇಕು. ಹತ್ತರಲ್ಲಿ ಐದನೆಯ ಜಾಗದ ಹೆಸರು 'ನಡುಮೈದಾನ'.

ಆ ನಡುಮೈದಾನದಲ್ಲಿ ಒಂದು ಚಿತ್ರವಿತ್ತು. ತಂಡಕ್ಕೆ ನೆರವು ಕೊಡುವ ಪ್ರಾಯೋಜಕರ ಲೋಗೋ, ಹದಿನೈದು ಗಜ ಅಗಲ, ಕೆಂಪು ಮತ್ತು ಬಿಳಿ. ಅದನ್ನು ಬರೆಯುತ್ತಿದ್ದವರು ಮೈದಾನದ ಉಸ್ತುವಾರಿ ಲೂಯಿಸ್. ಅರವತ್ತು ದಾಟಿದ ಮನುಷ್ಯ, ಮಿತಭಾಷಿ, ಹಗ್ಗ ಕಟ್ಟಿ ಗೆರೆ ಎಳೆದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪ್ರತಿ ಶುಕ್ರವಾರ ನಾನು ಹೋಗುವ ಹೊತ್ತಿಗೆ ಅವರು ಹೊಸ ಬಣ್ಣ ಹೊಡೆದು ಮುಗಿಸಿರುತ್ತಿದ್ದರು. ದೂರದಿಂದಲೇ ಕೈ ಎತ್ತುತ್ತಿದ್ದರು: "ಡಾಕ್, ಬಣ್ಣ ಒದ್ದೆ ಇದೆ, ಸುತ್ತಿಕೊಂಡು ಬನ್ನಿ."

ನಾನು ಸುತ್ತಿಕೊಂಡು ಹೋಗುತ್ತಿದ್ದೆ. ಅವರು ಹೇಳದಿದ್ದರೂ ಹಾಗೆಯೇ ಮಾಡುತ್ತಿದ್ದೆನೋ ಏನೋ. ಅಂಗಳದ ರಂಗೋಲಿ ತುಳಿದು ಬೆನ್ನಿಗೆ ಗುದ್ದು ತಿಂದು ಬೆಳೆದವರ ಕಾಲು ಬರೆದ ಚಿತ್ರ ಕಂಡರೆ ತಾನೇ ಪಕ್ಕಕ್ಕೆ ಸರಿಯುತ್ತದೆ. ಕೋಚ್ ಸುತ್ತಿಕೊಂಡು ಹೋಗುತ್ತಿದ್ದ, ಮ್ಯಾನೇಜರ್ ಸುತ್ತಿಕೊಂಡು ಹೋಗುತ್ತಿದ್ದ, ಆ ಕಸುಬಿನಲ್ಲಿ ಅದೊಂದು ಮರ್ಯಾದೆ. ನಾನು ಚಿತ್ರದ ಅಂಚಿನಿಂದ ನಾಲ್ಕು ಹೆಜ್ಜೆ ಆಚೆ ಗುಂಡು ಬಿಟ್ಟು, ಬಂದ ಅಂಕಿಯನ್ನು 'ನಡುಮೈದಾನ' ಎಂಬುದರ ಎದುರು ಬರೆಯುತ್ತಿದ್ದೆ. ಒಂದೇ ಹುಲ್ಲು, ಒಂದೇ ಮಣ್ಣು, ನಾಲ್ಕು ಹೆಜ್ಜೆಗೆ ಏನು ವ್ಯತ್ಯಾಸ ಆದೀತು? ಇದು ನನ್ನ ಸಮಾಧಾನ. ಆರು ಪಂದ್ಯ ಹೀಗೇ ನಡೆದವು.

ಏಳನೆಯ ಪಂದ್ಯ ನವೆಂಬರ್ ಮಧ್ಯದಲ್ಲಿ, ಡಲ್ಲಾಸ್ ತಂಡದ ವಿರುದ್ಧ. ಗೆದ್ದರೆ ಸೆಮಿಫೈನಲ್. ಮಧ್ಯಾಹ್ನದ ಬಿಸಿಲಿನಲ್ಲಿ ನಾನೂ ಗ್ಯಾಲರಿಯಲ್ಲಿ ಕೂತಿದ್ದೆ. ಮೂರನೆಯ ಅವಧಿಯಲ್ಲಿ ಡೆರಿಕ್ ಚೆಂಡು ಹಿಡಿದು ಎಡಕ್ಕೆ ಓಡಿದ, ಲೋಗೋದ ಬಿಳಿ ಭಾಗದ ಮೇಲೆ ಬಲಗಾಲು ಊರಿ ತಿರುಗಿದ. ಮೈ ತಿರುಗಿತು, ಪಾದ ತಿರುಗಲಿಲ್ಲ. ಅವನ ಹತ್ತಿರ ಯಾರೂ ಇರಲಿಲ್ಲ, ಯಾರೂ ತಳ್ಳಲಿಲ್ಲ. ಬಿದ್ದವನು ಏಳಲಿಲ್ಲ. ಮೊಣಕಾಲಿನ ಮುಖ್ಯ ಲಿಗಮೆಂಟ್ ಪೂರ್ತಿ ಹರಿದಿದೆ ಎಂದು ಅಂದೇ ಗೊತ್ತಾಯಿತು. ಪಂದ್ಯವನ್ನು ತಂಡ ಗೆದ್ದಿತು.

ಭಾನುವಾರ ಬೆಳಿಗ್ಗೆ ತಂಡದ ಮ್ಯಾನೇಜರ್ ಕ್ರೇಗ್ ಫೋನ್ ಮಾಡಿದ. ಕೆಟ್ಟ ಮನುಷ್ಯನಲ್ಲ, ಮಾಲೀಕರಿಗೂ ಆಟಗಾರರಿಗೂ ನಡುವೆ ಸಿಕ್ಕಿ ನಲುಗುತ್ತಿದ್ದವನು. ಡೆರಿಕ್ ಅಂದು ಉದ್ದ ಸ್ಟಡ್‌ಗಳ ಶೂ ಹಾಕಿದ್ದ. ಸ್ಟಡ್ ಎಂದರೆ ಶೂ ಅಡಿಯ ಮೊಳೆಗಳು. ಮೆತ್ತನೆಯ ನೆಲಕ್ಕೆ ಉದ್ದ, ಗಡುಸು ನೆಲಕ್ಕೆ ಗಿಡ್ಡ. ಆಟಗಾರ ತನ್ನಿಷ್ಟಕ್ಕೆ ತಪ್ಪು ಶೂ ಹಾಕಿ ಪೆಟ್ಟು ಮಾಡಿಕೊಂಡರೆ ತಂಡ ಅವನನ್ನು ಕೈಬಿಡಬಹುದು ಎಂದು ಕರಾರಿನಲ್ಲಿತ್ತು. ಕೈಬಿಟ್ಟರೆ ಆಪರೇಷನ್ನೂ ಅವನ ತಲೆಗೆ, ಬೇಜವಾಬ್ದಾರಿ ಎಂಬ ಹೆಸರೂ ಅವನ ತಲೆಗೆ. ಆ ಹೆಸರು ಹೊತ್ತವನನ್ನು ಇನ್ನೊಂದು ತಂಡ ಮುಟ್ಟುವುದಿಲ್ಲ.

"ಡಾಕ್, ನಿಮ್ಮ ಹತ್ತು ರೀಡಿಂಗೂ ಚೆನ್ನಾಗಿವೆ," ಎಂದ ಕ್ರೇಗ್. "ಮೈದಾನದಲ್ಲಿ ದೋಷ ಇರಲಿಲ್ಲ ಅಂತ ಒಂದು ಪುಟ ಬರೆದುಕೊಡಿ ಸಾಕು."

ಬರೆಯಬಹುದಿತ್ತು. ಯಾಕೋ ಒಮ್ಮೆ ನೋಡಿಬಿಡೋಣ ಎಂದು ಸೋಮವಾರ ಆಸ್ಟಿನ್‌ಗೆ ಹೋದೆ. ಮೈದಾನ ಖಾಲಿ, ಚಿತ್ರದ ಬಣ್ಣ ಒಣಗಿತ್ತು. ಮೊದಲ ಬಾರಿಗೆ ಅದರ ಮೇಲೆ ಕಾಲಿಟ್ಟೆ. ಯಂತ್ರವೇ ಬೇಕಿರಲಿಲ್ಲ, ಹಿಮ್ಮಡಿಗೇ ಗೊತ್ತಾಯಿತು. ಆದರೂ ಗುಂಡು ಬಿಟ್ಟೆ. ನೂರಾ ಇಪ್ಪತ್ತೆಂಟು. ಮೂರು ಸಲ ಬಿಟ್ಟೆ, ಹೆಚ್ಚುಕಡಿಮೆ ಅಷ್ಟೇ. ನಾಲ್ಕು ಹೆಜ್ಜೆ ಆಚೆ ಎಪ್ಪತ್ತೆರಡು. ಮಣ್ಣಿನ ಮಾದರಿ ತೆಗೆಯುವ ಉಕ್ಕಿನ ಕೊಳವೆ ಚಿತ್ರದೊಳಗೆ ಇಳಿಯಲಿಲ್ಲ, ಸುತ್ತಿಗೆಯಿಂದ ಹೊಡೆದು ಇಳಿಸಬೇಕಾಯಿತು. ಮೇಲೆ ಬಂದದ್ದು ಹಳೆಯ ಗೋಡೆಯ ಸುಣ್ಣದ ಹಾಗೆ ಪದರ ಪದರ ಬಣ್ಣ, ನಡುನಡುವೆ ಸತ್ತ ಹುಲ್ಲು, ಎಲ್ಲ ಸೇರಿ ಅರ್ಧ ಇಂಚು ದಪ್ಪದ ಚಕ್ಕೆ. ಮೂರನೆಯ ಪಂದ್ಯದ ಹೊತ್ತಿಗೆ ಪ್ರಾಯೋಜಕರು ಬದಲಾಗಿದ್ದರಿಂದ ಹಳೆಯದರ ಮೇಲೆ ಹಸಿರು ಬಳಿದು ಹೊಸದನ್ನು ಬರೆದಿದ್ದರು. ನೀರು ಕೆಳಗೆ ಇಳಿದೇ ಇರಲಿಲ್ಲ. ಬೇರೆಡೆ ಐದು ಇಂಚು ಇಳಿದಿದ್ದ ಬೇರು ಇಲ್ಲಿ ಒಂದು ಇಂಚೂ ಇರಲಿಲ್ಲ. ಚಕ್ಕೆ ಒಡೆದ ಬಿರುಕಿನಲ್ಲಿ ಉದ್ದ ಸ್ಟಡ್ ಸಿಕ್ಕಿಕೊಂಡು ಕಿತ್ತ ಗುರುತು ಹಾಗೆಯೇ ಇತ್ತು.

ಲೂಯಿಸ್ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು ಆ ಚಕ್ಕೆಯನ್ನು ಕೈಗೆ ತೆಗೆದುಕೊಂಡರು. "ನನ್ನ ಬಣ್ಣವೇ ಅವನ ಕಾಲು ಮುರೀತಾ?" ಎಂದರು.

"ನಿಮಗೆ ಹೇಳಿದ ಕೆಲಸ ನೀವು ಮಾಡಿದಿರಿ. ಅಳೆಯಬೇಕಾದವನು ನಾನು," ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ.

ಮನೆಗೆ ಬಂದು ಎರಡು ದಿನ ಒದ್ದಾಡಿದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಡೆರಿಕ್‌ನ ಕಾಲಿಗಿಂತ ನನ್ನ ಸಹಿಯ ಚಿಂತೆ ಹೆಚ್ಚಾಗಿತ್ತು. ಅಳೆಯದ ಜಾಗದ ಹೆಸರಿನಲ್ಲಿ ಅಂಕಿ ಬರೆದವನೆಂದು ತಿಳಿದರೆ ಟೆಕ್ಸಸ್‌ನಲ್ಲಿ ಇನ್ನಾರು ಕರೆಯುತ್ತಾರೆ? ಬುದ್ಧಿ ಕಳ್ಳದಾರಿ ಹುಡುಕುತ್ತಿತ್ತು. ಶೂ ಕೂಡ ತಪ್ಪೇ ತಾನೆ? ಗಿಡ್ಡ ಸ್ಟಡ್ ಹಾಕಿದ್ದರೆ ಬಚಾವಾಗುತ್ತಿದ್ದ. ಇದರಲ್ಲಿ ಸುಳ್ಳೇನಿದೆ? ಇದನ್ನೇ ಹೆಂಡತಿ ಶಾಂತಾಳ ಮುಂದೆ ಹೇಳಿದೆ. ಅವಳು ಧಾರವಾಡದವಳು, ಹೈಸ್ಕೂಲ್ ಟೀಚರ್ ಆಗಿದ್ದವಳು.

"ಆಂವಾ ಉದ್ದ ಮೊಳೀ ಶೂ ಯಾಕ ಹಾಕ್ಕೊಂಡಿದ್ದಾ ಅಂತ ಯಾರರ ಕೇಳೀರೇನು?" ಎಂದಳು.

"ಇಲ್ಲ."

"ಕೇಳಲಾರದ ಬರೀಲಿಕ್ಕೆ ಹ್ಯಾಂಗ ಕೂತೀರಿ ಮತ್ತ?"

ಬುಧವಾರ ಡೆರಿಕ್‌ನ ಅಪಾರ್ಟ್‌ಮೆಂಟಿಗೆ ಹೋದೆ. ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ಕೂತಿದ್ದ. ನಾನು ಯಾರೆಂದು ಹೇಳಿದೆ. "ಗೊತ್ತು, ಹುಲ್ಲಿನ ಡಾಕ್ಟರ್," ಎಂದು ನಕ್ಕ. ಶೂ ವಿಷಯ ಕೇಳಿದೆ.

"ಪ್ರತಿ ಶುಕ್ರವಾರ ನಿಮ್ಮ ಹಾಳೆ ಲಾಕರ್ ರೂಮಿನ ಬಾಗಿಲಿಗೆ ಅಂಟಿಸ್ತಾರೆ," ಎಂದ. "ಬೇರೆಯವರು ಅದರ ಮೇಲೇ ಪಿಜ್ಜಾ ಅಂಗಡಿ ಚೀಟಿ ಅಂಟಿಸ್ತಾರೆ. ನಾನು ಓದ್ತೀನಿ. ಎಲ್ಲಿ ಗಡುಸು, ಎಲ್ಲಿ ಮೆತ್ತಗೆ ಅಂತ ನೋಡಿ ಶೂ ಆರಿಸ್ಕೋತೀನಿ. ನಡುಮೈದಾನ ಎಪ್ಪತ್ತೆರಡು ಅಂತ ಇತ್ತು. ಎಪ್ಪತ್ತೆರಡಕ್ಕೆ ಉದ್ದ ಸ್ಟಡ್ಡೇ ಸರಿ, ಅಲ್ವಾ?"

ಸರಿ ಎಂದೆ. ಇಪ್ಪತ್ತು ವರ್ಷದಿಂದ ಈ ಹಾಳೆಗಳನ್ನು ತುಂಬುತ್ತಿದ್ದೆ. ಅವು ಕಡತಕ್ಕೆ ಸೇರುತ್ತವೆ, ವಕೀಲರಿಗೆ ಬೇಕಾಗುತ್ತವೆ ಎಂದು ತಿಳಿದಿದ್ದೆ. ಒಬ್ಬ ಅದನ್ನು ಓದಿ ತನ್ನ ಕಾಲಿಗೆ ಶೂ ಆರಿಸುತ್ತಾನೆ ಎಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ. ಆ ಎಪ್ಪತ್ತೆರಡನ್ನು ಅಲ್ಲಿ ಅಳೆಯಲಿಲ್ಲ, ಪಕ್ಕದಲ್ಲಿ ಅಳೆದೆ ಎಂದು ಅವನಿಗೆ ಹೇಳಿದೆ. ಬಣ್ಣ ಹಾಳಾಗುತ್ತದೆಂದು ಸುತ್ತಿಕೊಂಡು ಹೋದೆ ಎಂದೂ ಹೇಳಿದೆ.

ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಇಷ್ಟೇ ಹೇಳಿದ: "ಮುಂದಿನ ವಾರ ಸೆಮಿಫೈನಲ್‌ನಲ್ಲಿ ನನ್ನ ಜಾಗದಲ್ಲಿ ಓಡೋನಿಗೆ ಇಪ್ಪತ್ತೆರಡು ವರ್ಷ. ನಾನೇ ಅವನಿಗೆ ಆ ಹಾಳೆ ಓದೋದು ಕಲಿಸಿದ್ದೀನಿ."

ಮರುದಿನ ಗುರುವಾರ ಪತ್ರ ಬರೆದೆ. ಐದನೆಯ ಅಂಕಿ ನಡುಮೈದಾನದ್ದಲ್ಲ, ಅದನ್ನು ನಂಬಿ ಆಟಗಾರ ಆರಿಸಿದ ಶೂ ಸರಿಯಾಗಿಯೇ ಇತ್ತು, ತಪ್ಪು ನನ್ನದು ಎಂದು ಮೂರು ಪ್ಯಾರಾದಲ್ಲಿ ಬರೆದು ತಂಡಕ್ಕೂ ಲೀಗಿಗೂ ಕಳಿಸಿದೆ. ಕ್ರೇಗ್ ಫೋನಿನಲ್ಲಿ ಕೂಗಾಡಿದ, ಕೊನೆಗೆ, "ಸರಿ, ಮುಂದಿನ ವಾರದ ಪಂದ್ಯಕ್ಕೆ ಏನು ಮಾಡೋಣ ಹೇಳಿ," ಎಂದ. ಹೂಸ್ಟನ್‌ನ ನೈರುತ್ಯಕ್ಕೆ, ಶುಗರ್ ಲ್ಯಾಂಡ್ ದಾಟಿದರೆ ಹುಲ್ಲನ್ನು ಚಾಪೆಯಂತೆ ಸುತ್ತಿ ಮಾರುವ ತೋಟಗಳಿವೆ. ಅಲ್ಲಿಂದ ದಪ್ಪಗೆ ಕೊಯ್ಸಿ ಎರಡು ಟ್ರಕ್ ತರಿಸಿದೆವು. ಬಣ್ಣದ ಚಕ್ಕೆಯನ್ನೆಲ್ಲ ಲೂಯಿಸ್ ತಾವೇ ಕಿತ್ತು ತೆಗೆದರು, ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಈ ಸಲ ಚಿತ್ರ ಬೇಡ ಎಂದೆ. ಪ್ರಾಯೋಜಕರು ಮುನಿಸಿಕೊಂಡರು. ಪಂದ್ಯದ ಹಿಂದಿನ ದಿನ ಮೈದಾನದ ನಟ್ಟನಡುವೆ ನಿಂತು ಅಳೆದೆ, ಎಂಬತ್ತೊಂದು ಬಂತು. ಹಾಳೆಯನ್ನು ನಾನೇ ಲಾಕರ್ ರೂಮಿನ ಬಾಗಿಲಿಗೆ ಅಂಟಿಸಿ ಬಂದೆ.

ಹೂಸ್ಟನ್ ತಂಡದ ಎದುರು ಆ ಸೆಮಿಫೈನಲ್ ಸೋತೆವು. ನಾನು ಸ್ಕೋರ್ ನೋಡಲಿಲ್ಲ, ಎರಡೂವರೆ ಗಂಟೆ ಆ ಹೊಸ ಓಟಗಾರನ ಕಾಲನ್ನೇ ನೋಡುತ್ತಿದ್ದೆ. ಆ ಲೀಗಿನವರು ನನ್ನನ್ನು ಮತ್ತೆ ಕರೆಯಲಿಲ್ಲ. ಡೆರಿಕ್‌ನನ್ನು ತಂಡ ಕೈಬಿಡಲಿಲ್ಲ, ಆಪರೇಷನ್ ಮಾಡಿಸಿತು, ಅವನ ಹೆಸರಿಗೆ ಮಸಿ ಹತ್ತಲಿಲ್ಲ. ಮತ್ತೆ ಅಟ್ಟ ಹತ್ತಿ ಎಸಿ ರಿಪೇರಿ ಮಾಡುವಷ್ಟು ಕಾಲು ಸುಧಾರಿಸಿತು. ಆ ವೇಗದಲ್ಲಿ ಓಡುವಷ್ಟು ಸುಧಾರಿಸಲಿಲ್ಲ. ಸ್ಕೌಟ್ ಇನ್ನೊಮ್ಮೆ ಬರಲಿಲ್ಲ.

ಈ ಪ್ರಸಂಗ ಹೇಳಿದಾಗಲೆಲ್ಲ ಕೇಳಿದವರು ನನ್ನ ಪ್ರಾಮಾಣಿಕತೆಯನ್ನು ಹೊಗಳುತ್ತಾರೆ. ಹೊಗಳಿಕೆ ಕೇಳುವಾಗ ನನಗೆ ಮುಜುಗರವಾಗುತ್ತದೆ. ಅಳತೆಯ ಕಸುಬಿನಲ್ಲಿ ನಿಜ ಹೇಳುವುದಕ್ಕೆ ಒಂದು ಹೊತ್ತಿರುತ್ತದೆ, ಆ ಹೊತ್ತು ಮೀರಿದರೆ ಅದು ತಪ್ಪೊಪ್ಪಿಗೆಯಷ್ಟೇ. ನಾನು ನಿಜ ಬರೆದದ್ದು ಗುರುವಾರ. ಡೆರಿಕ್‌ಗೆ ಅದು ಬೇಕಾಗಿದ್ದದ್ದು ಹಿಂದಿನ ಶುಕ್ರವಾರ.